ನಕ್ಷೆಯಲ್ಲಿ ಹಾಳುಬಿದ್ದ ಊರು

ಮದುವೆಯಾಗಿ ಹುರುಳಿಕೊಪ್ಪಲಿಗೆ ಬಂದಾಗ ಅನುವಿನ ಸಾಮಾನಿನ ಜೊತೆ ಉದ್ದನೆಯ ತಗಡಿನ ಕೊಳವೆಯೊಂದು ಬಂದಿತ್ತು. ಬೀರು, ಮಂಚ, ಮಿಕ್ಸಿ ಎಲ್ಲವನ್ನೂ ಟೆಂಪೋದಿಂದ ಇಳಿಸಿಕೊಂಡ ಮೇಲೆ ಕೇರಿಯ ಹೆಂಗಸರು ಆ ಕೊಳವೆಯ ಸುತ್ತ ನಿಂತು ಯೋಚನೆಗೆ ಬಿದ್ದರು. ಪರದೆ ಕಟ್ಟುವ ಕಂಬಿ ಇರಬೇಕು ಎಂದಳು ಒಬ್ಬಳು. ಹುಡುಗಿ ಮೈಸೂರಲ್ಲಿ ಓದಿದವಳು, ಯಾವುದೋ ವಾದ್ಯವೇ ಇರಬೇಕು ಎಂದಳು ಇನ್ನೊಬ್ಬಳು. ಮುಚ್ಚಳ ತೆಗೆದು ನೋಡಿದರೆ ಸುರುಳಿ ಸುತ್ತಿದ ಕಾಗದಗಳು. ಈ ಸೀಮೆಯ ಹಳೇ ನಕ್ಷೆಗಳು ಎಂದು ಅನು ಹೇಳಿದಾಗ ಎಲ್ಲರ ಮುಖ ಬಿಗಿಯಾಯಿತು. ಜಮೀನಿನ ನಕ್ಷೆಯಾ ಎಂದು ಮಾವ ಚಿಕ್ಕಸ್ವಾಮಿ ಮೆಲ್ಲಗೆ ಕೇಳಿದರು. ಅಲ್ಲ, ಯಾರ ಹೊಲ ಯಾರದೆಂದು ಇದರಲ್ಲಿ ಇರುವುದಿಲ್ಲ ಎಂದ ಮೇಲೆ ಎಲ್ಲರೂ ನಿರಾಳವಾಗಿ ಕಾಫಿಗೆ ಎದ್ದರು.

ಅನುವಿನ ತವರು ಶ್ರೀರಂಗಪಟ್ಟಣ. ಮಾನಸಗಂಗೋತ್ರಿಯಲ್ಲಿ ಭೂಗೋಳ ಓದುವಾಗ ಅವಳಿಗೆ ಈ ನಕ್ಷೆಗಳ ಗೀಳು ಹತ್ತಿತು. ನೂರು ವರ್ಷದ ಹಿಂದೆ ಸರ್ವೆಯವರು ಮೂರು ಕಾಲಿನ ಹಲಗೆ ಹೊತ್ತು ಊರೂರು ನಡೆದು, ಒಂದು ಮೈಲಿಯನ್ನು ಒಂದು ಇಂಚಿಗೆ ಇಳಿಸಿ ಬರೆದ ಹಾಳೆಗಳು. ಗುಡ್ಡ, ಹಳ್ಳ, ತೋಪು, ಬಾವಿ, ಗಾಡಿ ಜಾಡು, ಸಂತೆ ಕೂಡುವ ಬಯಲು, ಎಲ್ಲದಕ್ಕೂ ಒಂದೊಂದು ಗುರುತು. ಯಾವುದೋ ದೇಶದ ಗ್ರಂಥಾಲಯದವರು ಅವನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದರು. ಒಂದು ಹಾಳೆ ಇಳಿಸಿಕೊಂಡು, ಆ ಜಾಗಕ್ಕೇ ಹೋಗಿ, ಅವತ್ತು ಇದ್ದದ್ದರಲ್ಲಿ ಇವತ್ತು ಏನು ಉಳಿದಿದೆ ಎಂದು ನೋಡುವುದು ಅವಳ ಆಟ.

ಗಂಡ ಚಲುವರಾಜುವಿಗೆ ಸಿಂಧಘಟ್ಟದಲ್ಲಿ ಗೊಬ್ಬರದ ಅಂಗಡಿ. ಭಾನುವಾರ ಅಂಗಡಿ ಬಾಗಿಲು ಹಾಕಿ ಅವನೂ ಆಟಕ್ಕೆ ಸೇರುತ್ತಿದ್ದ. ನಕ್ಷೆಯಲ್ಲಿ ಪಾಂಡವಪುರದ ಹೆಸರು ಫ್ರೆಂಚ್ ರಾಕ್ಸ್ ಎಂದಿತ್ತು. ಅಲ್ಲಿಗೆ ಹೋದ ದಿನ ಬಸ್ ಸ್ಟ್ಯಾಂಡಿನ ಎದುರು ನಿಂತು, ಯೂರಿಯಾ ಬಂತಾ ಎಂದು ಫೋನು ಮಾಡಿದವರಿಗೆಲ್ಲ, ತಾನು ಫ್ರೆಂಚ್ ರಾಕ್ಸಿನಲ್ಲಿ ಟೀ ಕುಡಿಯುತ್ತಿದ್ದೇನೆ, ನಾಳೆ ಬನ್ನಿ ಎಂದು ಹೇಳಿದ. ಅರಕೆರೆಯ ಹತ್ತಿರ ಒಂದು ಬಾವಿ ಹುಡುಕಿಕೊಂಡು ಹೋದರೆ ಕಬ್ಬಿನ ಗದ್ದೆಯ ನಡುವೆ ಮೊಬೈಲ್ ಟವರ್ ಸಿಕ್ಕಿತು. ಬಾವಿ ಎಲ್ಲೂ ಹೋಗಿಲ್ಲ, ನನ್ನ ಕುರ್ಚಿಯ ಕೆಳಗೇ ಇದೆ ಎಂದು ಅಲ್ಲಿನ ಕಾವಲುಗಾರ ಕಾಲಲ್ಲಿ ನೆಲ ತಟ್ಟಿ ತೋರಿಸಿದ. ನಾಗಮಂಗಲದ ಕಡೆ ಒಂದು ಬಯಲಿಗೆ 'ಸಂತೆ, ಮಂಗಳವಾರ' ಎಂದು ಗುರುತಿತ್ತು. ಹೋದರೆ ಸಂತೆಯ ಸುಳಿವೂ ಇಲ್ಲ. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ, ಮಂಗಳವಾರ ಮಾತ್ರ ಇಲ್ಲಿ ಕುರಿ ಬಿಡಬಾರದು ಎಂದ. ಯಾಕೆ ಎಂದರೆ ಗೊತ್ತಿಲ್ಲ, ಅವನ ಅಪ್ಪ ಹೇಳಿದ್ದನಂತೆ. ಆ ಒಂದು ಮಾತಿಗೆ ಅನು ವಾರವೆಲ್ಲ ಖುಷಿಯಾಗಿದ್ದಳು.

ಹೀಗಿರುವಾಗ ಊರಿಗೆ ಹೊರಬೀಡಿನ ಹುಚ್ಚು ಹಿಡಿಯಿತು.

ಹೊರಬೀಡು ಅಂದರೆ ಒಂದು ಹಗಲಿನ ಮಟ್ಟಿಗೆ ಇಡೀ ಊರೇ ಊರು ಬಿಡುವುದು. ಬೆಳಗಾಗುತ್ತಲೇ ಮನೆಮನೆಯ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ದನಕರು ಕೋಳಿ ನಾಯಿ ಸಮೇತ ಊರಾಚೆ ಹೋಗಿ, ಅಲ್ಲೇ ಅಡಿಗೆ ಮಾಡಿ ಉಂಡು, ದೀಪ ಹಚ್ಚುವ ಹೊತ್ತಿಗೆ ಹಿಂತಿರುಗಬೇಕು. ಹಗಲೆಲ್ಲ ಊರೊಳಗೆ ಊರಮ್ಮ ಒಬ್ಬಳೇ ಓಡಾಡಿಕೊಂಡಿರುತ್ತಾಳೆ ಎಂಬ ನಂಬಿಕೆ. ಕಟ್ಟಳೆ ಒಂದೇ. ಒಬ್ಬರೂ ಉಳಿಯಕೂಡದು, ಒಂದು ಒಲೆಯೂ ಹೊಗೆಯಾಡಕೂಡದು. ಒಂದು ಮನೆ ತಪ್ಪಿದರೂ ಉಳಿದವರು ಮಾಡಿದ್ದು ದೇವರ ಲೆಕ್ಕಕ್ಕಿಲ್ಲ.

ಹುರುಳಿಕೊಪ್ಪಲಿನಲ್ಲಿ ಇದು ನಿಂತು ಯಾವ ಕಾಲವಾಗಿತ್ತೋ, ಕಣ್ಣಾರೆ ಕಂಡವರು ಯಾರೂ ಬದುಕಿರಲಿಲ್ಲ. ಹೋದ ವರ್ಷ ಪಕ್ಕದ ಊರಿನವರು ಮಾಡಿ, ಅವರ ಹುಡುಗರು ವಿಡಿಯೋ ಹಾಕಿ, ಅದನ್ನು ಶೀಳನೆರೆಯ ಬೀಗರು ಮನೆಗೆ ಬಂದಾಗ ಚಿಕ್ಕಸ್ವಾಮಿಯ ಮುಂದೆಯೇ ಹಿಡಿದು, ನಿಮ್ಮೂರಲ್ಲಿ ಇಂಥದ್ದೆಲ್ಲ ಇಲ್ಲವಾ ಎಂದು ಕೇಳಿದ್ದರು. ಊರಿನ ಯಜಮಾನಿಕೆ ಚಿಕ್ಕಸ್ವಾಮಿಯ ಮನೆತನದ್ದು. ಆ ಮಾತು ಅವರೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಈ ಮಾಘದಲ್ಲಿ ಮಾಡಿಯೇ ತೀರುವುದೆಂದು ಹೊರಟರು.

ಹೊರಟರೆ ತೊಡಕು ಒಂದೇ ಪ್ರಶ್ನೆಯಲ್ಲಿತ್ತು. ಎಲ್ಲಿಗೆ ಹೋಗುವುದು? ಹಿಂದೆ ಹೋಗುತ್ತಿದ್ದ ಜಾಗಕ್ಕೇ ಹೋಗಬೇಕು, ಅದು ಯಾವುದೋ ಯಾರಿಗೂ ಗೊತ್ತಿಲ್ಲ. ಕೆರೆ ಕೋಡಿಯ ಹತ್ತಿರ ಎಂದರು ಚಿಕ್ಕಸ್ವಾಮಿಯೂ ಸೇರಿ ಮೇಲುಕೇರಿಯವರು. ಕರಿಕಲ್ಲು ಗುಡ್ಡದ ಬುಡ ಎಂದರು ಕೆಳಕೇರಿಯವರು. ಕೋಡಿ ಮೇಲುಕೇರಿಗೆ ಹತ್ತಿರ, ಗುಡ್ಡ ಕೆಳಕೇರಿಗೆ ಹತ್ತಿರ ಎಂಬುದನ್ನು ಎರಡು ಕಡೆಯವರೂ ಬಾಯಿ ಬಿಟ್ಟು ಹೇಳಲಿಲ್ಲ. ಅಮ್ಮನ ಗುಡಿಯಲ್ಲಿ ಹೂವು ಕೇಳಿದ್ದಾಯಿತು. ಹೂವು ಬಲಕ್ಕೂ ಬೀಳದೆ ಎಡಕ್ಕೂ ಬೀಳದೆ ನೆಟ್ಟಗೆ ಪೂಜಾರಿಯ ತಲೆಯ ಮೇಲೆ ಬಿತ್ತು. ಕೆಳಕೇರಿಗೆ ಬಾಯಿ ಎಂದರೆ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಶಿವಶಂಕರ್. ಗುಡ್ಡಕ್ಕಾದರೆ ಬರುತ್ತೇವೆ, ಇಲ್ಲದಿದ್ದರೆ ನಮ್ಮ ಕೇರಿಯ ಒಲೆ ಎಂದಿನಂತೆ ಉರಿಯುತ್ತದೆ ಎಂದುಬಿಟ್ಟರು. ಅರ್ಧ ಊರು ಉಳಿದರೆ ಹೊರಬೀಡೇ ಇಲ್ಲ. ಚಿಕ್ಕಸ್ವಾಮಿಗೆ ಊಟ ಸೇರದಂತಾಯಿತು.

ಅನು ಸಾರು ಬಡಿಸುತ್ತ, ಹಳೇ ನಕ್ಷೆಯಲ್ಲಿ ಊರ ಸುತ್ತಿನ ತೋಪು ಬಯಲು ಎಲ್ಲ ಇರುತ್ತದೆ, ನೋಡಿದರೆ ತಿಳಿಯಬಹುದು ಎಂದಳು. ಚಿಕ್ಕಸ್ವಾಮಿ ಮುರಿದ ಮುದ್ದೆಯನ್ನು ಕೈಯಲ್ಲೇ ಹಿಡಿದು ಸೊಸೆಯ ಮುಖ ನೋಡಿದರು.

"ಅಂಗಾದ್ರೆ ಕಟ್ಟೆ ಮೇಲೇ ಬಿಚ್ಚಿ ತೋರ್ಸು ಮಗ. ಎಲ್ಲಾರೂ ನೋಡ್ಲಿ."

ಹುರುಳಿಕೊಪ್ಪಲಿರುವ ಹಾಳೆ ಅವಳ ಕೊಳವೆಯಲ್ಲಿರಲಿಲ್ಲ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಎರಡು ಪಾಠಗಳ ನಡುವೆ ಫೋನಿನಲ್ಲೇ ಹಾಳೆ ಹುಡುಕಿ, ಊರಿನ ಹೆಸರು ಕಂಡಿತು ಎನ್ನುವಷ್ಟನ್ನು ಮಾತ್ರ ನೋಡಿ, ಊರ ಸುತ್ತಿನ ಭಾಗ ದೊಡ್ಡದಾಗಿ ಬರಲಿ ಎಂದು ಪ್ರಸಾದನಿಗೆ ಕಳಿಸಿದಳು. ಪ್ರಸಾದ್ ಅಕ್ಕಸಾಲಿಗರ ಮನೆಯವನು. ಚಿನ್ನದ ಕೆಲಸ ಅಣ್ಣನಿಗೆ ಬಿಟ್ಟು ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ. ಯಾರ ಮುಖವೂ ಇಲ್ಲದ ಫ್ಲೆಕ್ಸ್ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಬಲಗಡೆ ಮೂಲೆ ಖಾಲಿ ಕಂಡಿತೆಂದು, ಹಿಂದೊಮ್ಮೆ ಡೇರಿ ಎಲೆಕ್ಷನ್ನಿಗೆ ತೆಗೆದಿಟ್ಟಿದ್ದ ಚಿಕ್ಕಸ್ವಾಮಿಯ ಕೈ ಮುಗಿದ ಫೋಟೊ ಕೂರಿಸಿ, ಕೆಳಗೆ ಕೆಂಪಕ್ಷರದಲ್ಲಿ 'ಸರ್ವರಿಗೂ ಸುಸ್ವಾಗತ' ಎಂದು ಸೇರಿಸಿದ.

ಭಾನುವಾರ ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಫ್ಲೆಕ್ಸ್ ಬಿಚ್ಚಿ ಮರಕ್ಕೆ ಕಟ್ಟಿದರು. ಎರಡು ಕೇರಿಯವರೂ ಮುಗಿಬಿದ್ದು, ಮೊದಲು ಚಿಕ್ಕಸ್ವಾಮಿಯ ಫೋಟೊ ನೋಡಿ, ಆಮೇಲೆ ನಕ್ಷೆ ನೋಡಿದರು. ಶಿವಶಂಕರ್ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಊರಿನ ಹೆಸರನ್ನು ಇಂಗ್ಲಿಷಿನವರು ಕೆಡಿಸಿ ಬರೆದಿದ್ದನ್ನು ಓದಿ ನಗಿಸಿದರು. ಅದರ ಕೆಳಗಿನ ಸಣ್ಣ ಅಕ್ಷರಕ್ಕೆ ಬಂದಾಗ ಅವರ ನಗು ನಿಂತಿತು. ತರಗತಿಯಲ್ಲಿ ನಿಲ್ಲುವ ಹಾಗೆ ತಿರುಗಿ ನಿಂತರು.

"ಡೆಸರ್ಟೆಡ್ ಅಂತ ಬರ್ದವ್ರೆ. ಅಂದ್ರೆ ಜನ ಬುಟ್ಟೋದ ಊರು. ಹಾಳೂರು."

ಮುಗಿಬಿದ್ದಿದ್ದವರು ಫ್ಲೆಕ್ಸಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಫ್ಲೆಕ್ಸಿನಲ್ಲಿ ಚಿಕ್ಕಸ್ವಾಮಿ ಮಾತ್ರ ನಗುನಗುತ್ತ ಕೈ ಮುಗಿದು ಹಾಳೂರಿಗೆ ಸರ್ವರನ್ನೂ ಸ್ವಾಗತಿಸುತ್ತಿದ್ದರು.

ಆಮೇಲೆ ಎದ್ದ ಗಲಾಟೆ ಮಧ್ಯಾಹ್ನದವರೆಗೆ ಇಳಿಯಲಿಲ್ಲ. ತಾತ ಮುತ್ತಾತಂದಿರ ಕಾಲದಿಂದ ಇಲ್ಲೇ ಇದ್ದೇವೆ, ನಮ್ಮೂರು ಯಾವಾಗ ಹಾಳಾಗಿತ್ತು ಎಂದು ಒಬ್ಬರು. ಬೆಳಿಗ್ಗೆ ಎದ್ದು ಇಂಥ ಮಾತು ಕೇಳಿಸಿದರಲ್ಲ ಎಂದು ಒಬ್ಬರು. ಮನೆಗೆ ಬಂದ ಸೊಸೆ ಊರಿಗೇ ಹಾಳೂರು ಅಂತ ಬೋರ್ಡು ಬರೆಸಿ ತಂದಳು ಎಂದು ನಲ್ಲಿಯ ಹತ್ತಿರ ಹೆಂಗಸರು. ಊರು ಇದೆಯೋ ಇಲ್ಲವೋ ಎಂದೇ ತಿಳಿಯದ ನಕ್ಷೆ ಹೊರಬೀಡಿನ ಜಾಗ ಏನು ತೋರಿಸೀತು ಎಂದು ಶಿವಶಂಕರ್. ಚಿಕ್ಕಸ್ವಾಮಿ ರೇಗಲಿಲ್ಲ. ಸುತ್ತಿಡು ಮಗ ಎಂದಷ್ಟೇ ಹೇಳಿ ಮನೆಯ ಕಡೆ ನಡೆದರು. ಫ್ಲೆಕ್ಸಿನ ಜೊತೆಗೆ ಹೊರಬೀಡಿನ ಮಾತೂ ಸುತ್ತಿಕೊಂಡಿತು. ಈಗ ಅದು ನಿಂತರೆ ತನ್ನ ಹೆಸರಿನಲ್ಲೇ ನಿಲ್ಲುತ್ತದೆ ಎಂಬುದು ಅನುವಿಗೆ ಯಾರೂ ಹೇಳದೆಯೇ ತಿಳಿಯಿತು.

ಮಾರನೆಯ ದಿನ ಹಿತ್ತಿಲಲ್ಲಿ ಚಿಕ್ಕಸ್ವಾಮಿಯ ತಾಯಿ ಚಿಕ್ಕಬೋರಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅನು ಎದುರಿಗೆ ಕೂತು ತಾನೂ ಸುಲಿಯತೊಡಗಿದಳು. ಅಜ್ಜಿಗೆ ಕಟ್ಟೆಯ ಗಲಾಟೆಯ ಬಗ್ಗೆ ಆಸಕ್ತಿಯಿರಲಿಲ್ಲ. ಅವರಿಗೆ ಹೊರಬೀಡಿನದೇ ಧ್ಯಾನ. ಈ ಊರಿಗೆ ಅವರು ಸೊಸೆಯಾಗಿ ಬರುವ ಹೊತ್ತಿಗೆ ಅದು ನಿಂತುಹೋಗಿತ್ತು. ನಾಗಮಂಗಲದ ಕಡೆಯ ತವರಿನಲ್ಲಿ ಮಾತ್ರ ಚಿಕ್ಕಂದಿನಲ್ಲಿ ನೋಡಿದ್ದರು. ಹಿಂದಿನ ದಿನವೇ ಒಲೆಯ ಬೂದಿ ತೆಗೆದು ಸಾರಿಸುವುದು, ಕೋಳಿಗಳನ್ನು ಮಂಕರಿಯಲ್ಲಿ ಕವುಚಿ ಹೊರುವುದು, ನಡೆಯಲಾರದ ಮುದುಕರನ್ನು ಗಾಡಿಯಲ್ಲಿ ಕೂರಿಸುವುದು, ಎಲ್ಲವನ್ನೂ ನಿನ್ನೆಯ ಸುದ್ದಿಯಂತೆ ಹೇಳಿದರು.

"ಊರ ಬಾಗ್ಲಿಗೆ ಕಾರೆಮುಳ್ಳು ಎಳ್ದ್ಬುಡೋರು ಕಣವ್ವ. ಒಳಗೆ ಒಂದ್ ನರಪಿಳ್ಳೆ ಇರ್ತಿರ್ಲಿಲ್ಲ. ದಾರೀಲಿ ಓಗೋರು ನೋಡುದ್ರೆ ಎದೆ ಜಲ್ ಅನ್ನೋದು. ಊರ್ಗೂರೇ ಬರಿದಾಗೋಯ್ತೇನೋ ಅನ್ನಂಗೆ."

ಅನುವಿನ ಕೈ ನಿಂತಿತು. "ಮತ್ತೆ ಜನ ಎಲ್ಲಿರ್ತಿದ್ರು ಅಜ್ಜಿ?"

"ಗುಡ್ಲಲ್ಲಿ. ಸೊಪ್ಪಿನ ಗುಡ್ಲು. ಒಂದೊಂದ್ ಕೇರಿಗೆ ಒಂದೊಂದ್ ಸಾಲು. ಅಲ್ಲೂ ಒಬ್ರ ಪಕ್ಕ ಒಬ್ರು ಕೂರ್ತಿರ್ಲಿಲ್ಲ ಬುಡು."

ಅನು ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. ನಕ್ಷೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ಊರಿನ ಬಡಗಣಕ್ಕೆ, ಕೋಡಿಯಲ್ಲೂ ಅಲ್ಲದೆ ಗುಡ್ಡದಲ್ಲೂ ಅಲ್ಲದೆ, ಒಂದು ಬಾವಿಗೂ ಹಳ್ಳಕ್ಕೂ ನಡುವೆ ಸಣ್ಣ ಸಣ್ಣ ಗುರುತುಗಳಿದ್ದವು. ತಾತ್ಕಾಲಿಕ ಗುಡಿಸಲಿಗೆ ಹಾಕುವ ಗುರುತು. ಭಾನುವಾರವೇ ಅವು ಅವಳ ಕಣ್ಣಿಗೆ ಬಿದ್ದಿದ್ದವು. ಯಾರೋ ಕುರಿಗಾಹಿಗಳು ಬೀಡುಬಿಟ್ಟಿರಬೇಕು ಎಂದುಕೊಂಡಿದ್ದಳು. ಈಗ ನೋಡಿದರೆ ಅವು ಎರಡು ಸಾಲಿನಲ್ಲಿದ್ದವು, ನಡುವೆ ಅಂತರ ಬಿಟ್ಟು.

ಅವಳಿಗೆ ನಗು ಬಂತು. ಸರ್ವೆಯವರು ಊರೂರು ಸುತ್ತುತ್ತಿದ್ದದ್ದೇ ಚಳಿಗಾಲದಲ್ಲಿ. ಆ ಪುಣ್ಯಾತ್ಮ ಹಲಗೆ ಹೊತ್ತು ಹುರುಳಿಕೊಪ್ಪಲಿಗೆ ಬಂದದ್ದು ಹೊರಬೀಡಿನ ದಿನ. ಬಾಗಿಲಿಗೆ ಮುಳ್ಳು, ಮನೆಗಳಿಗೆ ಬೀಗ, ಕೂಗಿದರೆ ಓ ಎನ್ನುವವರಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡು ಮುಂದಿನ ಊರಿಗೆ ಹೋಗಿದ್ದ. ಊರು ಸತ್ತಿರಲಿಲ್ಲ, ಊಟಕ್ಕೆ ಹೊರಗೆ ಹೋಗಿತ್ತು. ಅಷ್ಟು ಗೊತ್ತಾಗಲು ಅವನು ಸಂಜೆಯವರೆಗೆ ಇರಬೇಕಿತ್ತು.

ಅದೇ ಖುಷಿಯಲ್ಲಿ ಅವಳು ಹಳೇ ನಕ್ಷೆಯನ್ನು ಈಗಿನ ಉಪಗ್ರಹದ ಚಿತ್ರದ ಮೇಲೆ ಕೂರಿಸಿ ನೋಡಿದಳು. ಬಾವಿ ಬಾವಿಯ ಮೇಲೆ ಕೂತಿತು, ಹಳ್ಳ ಹಳ್ಳದ ಮೇಲೆ. ಎರಡು ಸಾಲು ಗುಡಿಸಲು ಕೂತದ್ದು ಹಸಿರು ಚೌಕವೊಂದರ ನಟ್ಟನಡುವೆ. ಆ ಚೌಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಸಂಜೆ ಮಾವನಿಗೆ ಟೀ ಕೊಂಡೊಯ್ಯುವ ಹಿಪ್ಪುನೇರಳೆ ತೋಟ.

ಚಿಕ್ಕಸ್ವಾಮಿಗೆ ಆ ತೋಟವೆಂದರೆ ಮಕ್ಕಳಿಗಿಂತ ಒಂದು ಕೈ ಹೆಚ್ಚು. ರೇಷ್ಮೆ ಇಲಾಖೆಯವರು ಬೇರೆ ಊರಿನ ರೈತರನ್ನು ಕರೆತಂದು ತೋರಿಸುವ ತೋಟ ಅದು. ಮೇಕೆ ಬಂದರೆ ಮೇಕೆಯ ಒಡೆಯನ ಮನೆಯವರೆಗೂ ಅಟ್ಟಿಸಿಕೊಂಡು ಹೋಗುವ ಮನುಷ್ಯ. ಅಂಥ ತೋಟದಲ್ಲಿ ಊರಿಗೂರೇ ಒಲೆ ಹೂಡುವುದೆಂದರೆ?

ಚಲುವರಾಜು ವಿಷಯ ಕೇಳಿ ತಲೆ ಕೆರೆದುಕೊಂಡ. ಆ ಗುರುತು ಓದಬಲ್ಲವರು ಈ ಸುತ್ತಿನಲ್ಲಿ ನೀನೊಬ್ಬಳೇ ಎಂದ. ಬಾವಿಯ ಈಚೆ ಎನ್ನುವ ಬದಲು ಬಾವಿಯ ಆಚೆ ಎಂದರೆ ಯಾರು ಕೇಳುತ್ತಾರೆ, ಆಚೆಗೆ ಸರ್ಕಾರಿ ಜಾಗವೇ ಇದೆಯಲ್ಲ ಎಂದ. ಅವನು ಕೆಟ್ಟವನಲ್ಲ, ಅಪ್ಪನನ್ನು ಬಲ್ಲವನು. ಅನು ಒಂದು ದಿನ ಅದನ್ನೇ ಮಾಡೋಣ ಎಂದುಕೊಂಡಳು. ಆದರೆ ಬಾವಿಯ ಆಚೆ ಎಂಬ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಾಗಲೆಲ್ಲ, ಮಂಗಳವಾರ ಕುರಿ ಬಿಡಬಾರದ ಆ ಬಯಲು ನೆನಪಾಗಿ ಒಂದು ಥರ ಕಸಿವಿಸಿಯಾಯಿತು. ಸಂಜೆ ಟೀ ಫ್ಲಾಸ್ಕಿನ ಜೊತೆ ಫೋನನ್ನೂ ಹಿಡಿದು ತೋಟಕ್ಕೆ ಹೋದಳು.

ಚಿಕ್ಕಸ್ವಾಮಿ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಫೋನು ಹೇಳುವುದನ್ನೆಲ್ಲ ನಂಬುವುದಾದರೆ ಹೋದ ತಿಂಗಳು ಈ ಊರಲ್ಲಿ ಮೂರು ಸಲ ಮಳೆಯಾಗಬೇಕಿತ್ತು ಎಂದರು. ಬಾವಿಯಿಂದ ಹಳ್ಳದ ಕಡೆಗೆ ಎರಡು ಸಾಲು, ಮಾವ, ಎಂದು ಅನು ಕೈ ಚಾಚಿ ತೋರಿಸಿದಳು. ಅವರು ಆ ಕೈ ಹೋದ ಕಡೆಯೇ ನೋಡುತ್ತ ನಿಂತರು. ಆಮೇಲೆ ಬದುವಿನ ಮೇಲೆ ಒಟ್ಟಿದ್ದ ಕಲ್ಲಿನ ಗುಡ್ಡೆಯ ಹತ್ತಿರ ಹೋಗಿ, ಒಂದನ್ನು ತಿರುಗಿಸಿದರು. ಕಲ್ಲಿನ ಒಂದು ಮುಖ ಕರ್ರಗೆ ಸುಟ್ಟಿತ್ತು. ಇನ್ನೊಂದು ತಿರುಗಿಸಿದರು. ಅದೂ ಹಾಗೇ.

ಹುಡುಗನಾಗಿದ್ದಾಗ ಉಳುವಾಗಲೆಲ್ಲ ನೇಗಿಲಿಗೆ ಈ ಕಲ್ಲುಗಳು ಮೂರು ಮೂರರಂತೆ ತಗಲುತ್ತಿದ್ದವಂತೆ. ಹಿಂದೆ ಯಾರೋ ಇಲ್ಲಿ ಇದ್ದಿಲು ಸುಟ್ಟಿರಬೇಕು ಎಂದು ಅವರಪ್ಪ ಹೇಳಿದ್ದರಂತೆ. ಎತ್ತಿ ಎತ್ತಿ ಬದುವಿಗೆ ಹಾಕಿದ್ದು ಇದೇ ಕೈ. ಚಿಕ್ಕಸ್ವಾಮಿ ಕಲ್ಲಿನ ಮೇಲೆ ಕೂತು ಟೀ ಕುಡಿದರು.

"ಈ ಜಾಗ ನಮ್ಮ ತಾತಂಗೆ ದರಖಾಸ್ತಲ್ಲಿ ಸಿಕ್ಕಿದ್ದು. ಸರ್ಕಾರ ಕೊಡ್ತು, ಅವ್ನು ಉತ್ತ. ತಪ್ಪೇನಿಲ್ಲ." ಲೋಟದ ತಳದ ಗಸಿಯನ್ನು ಚೆಲ್ಲಿದರು. "ಆದ್ರೆ ಅವ್ನು ಉತ್ತ್ಮೇಲೆ ಊರ್ನೋರು ಎಲ್ಲಿಗ್ ಓಗ್ಬೇಕಿತ್ತು ಏಳು?"

ಅವರು ತೋಟವನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದರು. ಈ ಸಲದ ಹುಳು ಹಣ್ಣಾಗಿ ಗೂಡು ಕಟ್ಟಿದ ಮೇಲೆ ಗಿಡಗಳನ್ನು ಬುಡಮಟ್ಟ ಕತ್ತರಿಸುವುದು ಇದ್ದದ್ದೇ, ಆಗ ತೋಟ ಬರಿದಾಗಿರುತ್ತದೆ ಎಂದರು. ತುಳಿದರೆ ತುಳಿಯಲಿ, ಚಿಗುರಲು ಒಂದು ತಿಂಗಳು ತಡವಾಗಬಹುದು ಎಂದರು. ಆ ಮಾತನ್ನು ಸೊಸೆಗೆ ಹೇಳಿದರೋ ಗಿಡಗಳಿಗೆ ಹೇಳಿದರೋ ಅನುವಿಗೆ ತಿಳಿಯಲಿಲ್ಲ.

ಮತ್ತೆ ಕಟ್ಟೆ ಸೇರಿತು. ತನ್ನ ತೋಟವನ್ನೇ ಬಿಟ್ಟುಕೊಡುತ್ತೇನೆಂದರೆ ಊರು ಒಂದು ಒಳ್ಳೆಯ ಮಾತಾಡೀತು ಎಂದು ಚಿಕ್ಕಸ್ವಾಮಿ ಅಂದುಕೊಂಡಿದ್ದರೆ ಅದು ಅವರ ತಪ್ಪು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿವಶಂಕರ್ ಗಂಟಲು ಸರಿಮಾಡಿಕೊಂಡರು.

"ಚಿಕ್ಕಸ್ವಾಮಣ್ಣ, ಮೊದ್ಲು ಕೋಡಿ ಅಂದೆ. ಈಗ ನಿನ್ನ ತೋಟ ಅಂತಿದ್ದೀಯ. ನಾಳೆ ಅಮ್ಮನ ಗುಡೀನೂ ನಿಮ್ಮ ಪಡಸಾಲೇಲೆ ಇತ್ತು ಅಂತ ನಕ್ಷೆ ಬತ್ತದಾ?"

ಕೆಳಕೇರಿಯವರು ನಕ್ಕರು. ಮೇಲುಕೇರಿಯವರೂ ಕೆಲವರು ನಕ್ಕರು.

"ಲೇ, ನನ್ನ ತೋಟ ತುಳೀರಪ್ಪ ಅಂತ ನಾನೇ ಕರುದ್ರೆ ಅದ್ರಲ್ಲೂ ಹುಳುಕು ಹುಡುಕ್ತೀಯಲ್ಲ ಕಣ್ಲಾ" ಎಂದರು ಚಿಕ್ಕಸ್ವಾಮಿ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು. ಹೀಗೇ ಬಿಟ್ಟರೆ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ ಎಂದು ಅನುವಿಗೆ ಅನಿಸಿತು. ಅವಳು ಹೆಂಗಸರ ನಡುವಿನಿಂದ ಮುಂದೆ ಬಂದಳು.

"ಮೇಷ್ಟ್ರೇ, ಅವತ್ತು ನೀವು ಓದಿದ್ದು ಸರಿಯಾಗೇ ಇತ್ತು. ನಮ್ಮೂರು ಖಾಲಿ ಇತ್ತು. ಸರ್ವೆಯವನು ಬಂದಾಗ ಎಲ್ಲರೂ ಹೊರಬೀಡಿಗೆ ಹೋಗಿದ್ರು."

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಅನು ಫ್ಲೆಕ್ಸ್ ಬಿಚ್ಚಿ, ಗುಡಿಸಲಿನ ಎರಡು ಸಾಲನ್ನು ಬೆರಳಿಟ್ಟು ತೋರಿಸಿ, ಅಜ್ಜಿ ಹೇಳಿದ ಕಾರೆಮುಳ್ಳಿನಿಂದ ಹಿಡಿದು ಬದುವಿನ ಸುಟ್ಟ ಕಲ್ಲಿನವರೆಗೆ ಹೇಳಿದಳು. ಹೇಳುತ್ತಿದ್ದಂತೆ ಶಿವಶಂಕರ್ ಬಗ್ಗಿ, ಮೂಗು ತಗಲುವಷ್ಟು ಹತ್ತಿರದಿಂದ ನಕ್ಷೆ ನೋಡಿದರು. ಎರಡು ಸಾಲಿನ ನಡುವಿನ ಅಂತರವನ್ನು ಉಗುರಿನಿಂದ ಗೀರಿ ನೋಡಿದರು. ನೆಟ್ಟಗೆ ನಿಂತಾಗ ಅವರ ಮುಖದಲ್ಲಿ, ಕಷ್ಟದ ಪದ್ಯವೊಂದರ ಅರ್ಥ ಹೊಳೆದವರ ಕಳೆಯಿತ್ತು.

"ಅಂದ್ರೆ ಒಬ್ರೂ ಉಳೀದಂಗೆ ಓಗಿದ್ರು" ಎಂದರು ನಿಧಾನವಾಗಿ. "ಎರಡ್ ಕೇರಿಯೋರೂವೆ."

ಆಮೇಲೆ ಅವರು ಜನರ ಕಡೆ ತಿರುಗಿ ಇಡೀ ವಿಷಯವನ್ನು ಮೊದಲಿನಿಂದ, ಅನು ಹೇಳಿದ್ದಕ್ಕಿಂತ ಚೆನ್ನಾಗಿ, ತಾವೇ ಕಂಡುಹಿಡಿದವರಂತೆ ವಿವರಿಸಿದರು. ಸಂಜೆಯೊಳಗೆ ಹಾಳೂರು ಎಂಬ ಮಾತು ಊರಿನ ಹೆಮ್ಮೆಯಾಗಿ ತಿರುಗಿತ್ತು. ಪಕ್ಕದ ಊರಿನ ಹೊರಬೀಡು ಬರೀ ಮೊಬೈಲಿನಲ್ಲಿದೆ, ನಮ್ಮದು ಸರ್ಕಾರಿ ನಕ್ಷೆಯಲ್ಲೇ ಇದೆ ಎಂದು ಡೇರಿಯಲ್ಲಿ ಹಾಲು ಹಾಕಲು ಬಂದವರೆಲ್ಲ ಆಡಿಕೊಂಡರು. ಶಿವಶಂಕರ್ ಒಪ್ಪಿದರು, ಒಂದು ಷರತ್ತು ಹಾಕಿ. ಯಾವುದೇ ಒಂದು ಮನೆಯಲ್ಲಿ ಹೊಗೆ ಕಂಡರೂ ನಮ್ಮ ಕೇರಿಯನ್ನು ಎಬ್ಬಿಸಿಕೊಂಡು ಹೊರಟುಬಿಡುತ್ತೇನೆ ಎಂದರು. ಯಜಮಾನರ ಮನೆಯೂ ಸೇರಿ ಎಂದು ಚಿಕ್ಕಸ್ವಾಮಿಯ ಕಡೆ ನೋಡಿ ಒತ್ತಿ ಹೇಳಿದರು.

ಗೂಡು ಮಾರುಕಟ್ಟೆಗೆ ಹೋಯಿತು, ತೋಟ ಕಟಾವಾಯಿತು, ಹೊರಬೀಡಿನ ದಿನ ಬಂತು. ಊರು ಬಿಡುವುದು ಇಷ್ಟು ಗದ್ದಲದ ಕೆಲಸವೆಂದು ಅನು ಎಣಿಸಿರಲಿಲ್ಲ. ಒಂದು ಮನೆಯ ನಾಯಿ ಹೊರಡಲು ಒಪ್ಪದೆ ಅದನ್ನು ನಾಲ್ಕು ಜನ ಗೋಣಿಯಲ್ಲಿ ಹೊತ್ತರು. ಬೆಕ್ಕುಗಳನ್ನು ಹಿಡಿಯುವುದು ಯಾರಿಂದಲೂ ಆಗದಿದ್ದಾಗ, ಬೆಕ್ಕು ಯಾವ ಮನೆಗೂ ಸೇರಿದ್ದಲ್ಲ ಎಂದು ಹಿರಿಯರು ತೀರ್ಪು ಕೊಟ್ಟರು. ಫ್ರಿಜ್ಜು ಓಡಬಹುದೇ ಎಂಬ ಪ್ರಶ್ನೆ ಎದ್ದು, ಅದರಿಂದ ಹೊಗೆ ಬರುವುದಿಲ್ಲವಾದ್ದರಿಂದ ಓಡಬಹುದು ಎಂದಾಯಿತು. ಮನೆಯ ಕೊನೆಯ ಉಸ್ತುವಾರಿಯನ್ನು ಅತ್ತೆ ಅನುವಿಗೆ ಬಿಟ್ಟಿದ್ದರು. ಅವಳು ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿದಳು, ಸೌದೆ ಒಲೆಗೆ ನೀರು ಚಿಮುಕಿಸಿದಳು, ದೇವರ ದೀಪ ಶಾಂತ ಮಾಡಿದಳು, ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಊರ ಬಾಗಿಲಿಗೆ ಮುಳ್ಳು ಎಳೆದರು.

ತೋಟದಲ್ಲಿ ತೆಂಗಿನ ಗರಿ ಮತ್ತು ನೀಲಿ ಟಾರ್ಪಾಲಿನ ಗುಡ್ಲುಗಳು ಎರಡು ಸಾಲಾಗಿ ಎದ್ದವು, ಬಾವಿಯ ಕಡೆ ಮೇಲುಕೇರಿ, ಹಳ್ಳದ ಕಡೆ ಕೆಳಕೇರಿ. ಚಿಕ್ಕಸ್ವಾಮಿ ಬದುವಿನ ಸುಟ್ಟ ಕಲ್ಲುಗಳನ್ನೇ ತಾವೇ ಹೊತ್ತು ಮನೆಗೆ ಮೂರರಂತೆ ಹಂಚಿದರು. ಹಿಪ್ಪುನೇರಳೆಯ ಕೂಳೆ ಎಡವಿ ಬಿದ್ದವರು ಬಿದ್ದರು, ನಕ್ಕವರು ನಕ್ಕರು. ಚಿಕ್ಕಬೋರಮ್ಮ ಎರಡು ಸಾಲಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಎರಡು ಕಡೆಯ ಅವರೆಕಾಳು ಸಾರನ್ನೂ ರುಚಿ ನೋಡಿ, ಎರಡಕ್ಕೂ ಉಪ್ಪು ಕಡಿಮೆ ಎಂದರು.

ಹೊತ್ತು ನೆತ್ತಿಗೆ ಬಂದು, ಊಟಕ್ಕೆ ಕೂತಾಗ, ಕೆಳಕೇರಿಯ ಸಾಲಿನಿಂದ ಯಾರೋ ಊರಿನ ಕಡೆ ಕೈ ಮಾಡಿದರು.

ಮೇಲುಕೇರಿಯ ತೆಂಗಿನ ಮರಗಳ ನಡುವಿನಿಂದ ಬೂದುಬಣ್ಣದ ಎಳೆಯೊಂದು ನೆಟ್ಟಗೆ ಆಕಾಶಕ್ಕೆ ಏಳುತ್ತಿತ್ತು. ಗಾಳಿಯೇ ಇಲ್ಲದ್ದರಿಂದ ಅದು ಯಾರ ಮನೆಯದೆಂದು ಕೇಳುವ ಅಗತ್ಯವಿರಲಿಲ್ಲ. ಯಜಮಾನರ ಮನೆಯ ಹಿತ್ತಿಲು.

ಅನುವಿಗೆ ತಕ್ಷಣ ತಿಳಿಯಿತು. ಬಚ್ಚಲುಮನೆಯ ಹಂಡೆ ಒಲೆ. ಶ್ರೀರಂಗಪಟ್ಟಣದ ಮನೆಯಲ್ಲಿ ಸ್ವಿಚ್ಚು ಒತ್ತಿದರೆ ಬಿಸಿನೀರು. ಇಲ್ಲಿ ಬೆಳಗಿನ ಸ್ನಾನಕ್ಕೆ ಹಂಡೆಯ ಕೆಳಗೆ ತೆಂಗಿನ ಮಟ್ಟೆ ತುರುಕಿದರೆ ಅದು ಮಧ್ಯಾಹ್ನದವರೆಗೂ ಒಳಗೊಳಗೇ ಕಾವು ಹಿಡಿದುಕೊಂಡಿರುತ್ತದೆ. ಅಡಿಗೆಮನೆಯನ್ನೆಲ್ಲ ಆರಿಸಿದವಳಿಗೆ ಬಚ್ಚಲು ನೆನಪಾಗಿರಲಿಲ್ಲ. ಈಗ ಹೋಗಿ ಆರಿಸುವಂತಿಲ್ಲ, ದೀಪ ಹಚ್ಚುವವರೆಗೆ ಯಾರೂ ಮುಳ್ಳು ದಾಟುವಂತಿಲ್ಲ. ಅವಳು ಮಾವನ ಕಡೆ ನೋಡಿದಳು. ಚಿಕ್ಕಸ್ವಾಮಿ ಎಲೆಯನ್ನೇ ನೋಡುತ್ತ ಕೂತಿದ್ದರು, ಕಲಸಿದ ತುತ್ತು ಬಾಯಿಗೆ ಹೋಗಿರಲಿಲ್ಲ.

ಎರಡು ಸಾಲಿನ ಜನವೂ ಶಿವಶಂಕರ್ ಕಡೆ ತಿರುಗಿದರು.

ಶಿವಶಂಕರ್ ಎಲೆಯ ಮುಂದಿನಿಂದ ಎದ್ದರು. ಎಡಗೈಯಲ್ಲಿ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬದುವಿನ ಮೇಲೆ ಹತ್ತಿ ಊರಿನ ಕಡೆ ನೋಡುತ್ತ ನಿಂತರು. ಅಲ್ಲಿಂದ ಇಳಿಯುವಾಗ ಅವರ ಕಣ್ಣು ಅನುವಿನ ಮುಖದ ಮೇಲೊಮ್ಮೆ ಹಾದು, ಅವಳ ಹಿಂದೆ ಗರಿಗಳ ಕೆಳಗೆ ಉಣ್ಣುತ್ತಿದ್ದ ಎರಡು ಸಾಲಿನ ಮೇಲೆ ಹೋಯಿತು.

"ಮಂಜು ಕಣ್ರಲಾ" ಎಂದರು.

ನೆತ್ತಿಯ ಮೇಲೆ ಸೂರ್ಯ ಸುಡುತ್ತಿದ್ದ. ಬೋಳು ತೋಟದಲ್ಲಿ ಎಲ್ಲರ ಕುತ್ತಿಗೆಯಲ್ಲೂ ಬೆವರಿತ್ತು.

"ಮಂಜೇಯ" ಎಂದರು ಕುರ್ಚಿಯಿಂದ ಚಿಕ್ಕಬೋರಮ್ಮ. "ಈ ಸಲ ಜಾಸ್ತಿ."

ತೆಂಗಿನ ಮರ ಇರುವ ಕಡೆ ಅದು ಕರಗುವುದು ತಡ ಎಂದು ಕೆಳಕೇರಿಯ ಒಬ್ಬರು ಸೇರಿಸಿದರು. ಹೌದು, ಕೆರೆ ಬೇರೆ ಹತ್ತಿರ ಎಂದರು ಮೇಲುಕೇರಿಯ ಒಬ್ಬರು. ಮಾತು ಸಾಲಿನಿಂದ ಸಾಲಿಗೆ ಹೋಗಿ ಬಂದು, ಕೊನೆಗೆ ಹೋದ ವರ್ಷದ ಮಂಜಿಗಿಂತ ಈ ವರ್ಷದ್ದು ದಟ್ಟ ಎಂಬಲ್ಲಿಗೆ ನಿಂತಿತು.

ಚಿಕ್ಕಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು, ತಮ್ಮ ಒಲೆಯ ಮೇಲಿನ ಪಾತ್ರೆಯನ್ನು ತಾವೇ ಹಿಡಿದು, ನಡುವಿನ ಅಂತರ ದಾಟಿ ಕೆಳಕೇರಿಯ ಸಾಲಿಗೆ ಹೋದರು.

"ಕೂತ್ಕೊ ಶಿವಶಂಕರ. ಎಸ್ರು ಆರೋಯ್ತದೆ."

ಶಿವಶಂಕರ್ ಕೂತರು. ಎಲೆಯ ಮೇಲಿನ ಮುದ್ದೆಗೆ ಬಿಸಿ ಸಾರು ಬಿತ್ತು. ಆ ಉರಿಬಿಸಿಲಿನಲ್ಲಿ ಅವರು ಹೆಗಲ ಮೇಲಿನ ಟವೆಲನ್ನು ಕಿವಿ ಮುಚ್ಚುವ ಹಾಗೆ ತಲೆಗೆ ಸುತ್ತಿಕೊಂಡು, ಏನು ಚಳಿ ಎಂದು ಪಕ್ಕದವರಿಗೆ ಹೇಳಿ, ಮುದ್ದೆ ಮುರಿದರು.